ಮಣ್ಣಲ್ಲಿ ಆಡಿದ್ದಕ್ಕೇ ಹೊಟ್ಟೆಹುಳ ಬಂತಾ? ಅದಕ್ಕೇ ಪೆನ್ಸಿಲ್ ಹಿಡಿಯೋಕೆ ಬರಲ್ವಾ?

ಪ್ರಶ್ನೆ: ಡಾಕ್ಟರೇ, ನಾವು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿದ್ದೇವೆ. ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗನಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ದಸರಾ ರಜೆಗೆ ಎರಡು ವಾರ ಸಾಗರದ ಹತ್ತಿರ ನಮ್ಮ ಅಮ್ಮನ ಮನೆಯಲ್ಲಿದ್ದ. ದಿನವಿಡೀ ಅಂಗಳ, ತೋಟ, ಮಣ್ಣು. ನಲ್ಲಿ ನೀರಿಗೆ ಕಾಲುವೆ ತೋಡಿ ಬಾಳೆ ಬುಡಕ್ಕೆ ಬಿಡೋದೇ ಅವನ ಕೆಲಸ. ಮೊಬೈಲ್ ಒಂದು ಸಲವೂ ಕೇಳಲಿಲ್ಲ. ಆದರೆ ವಾಪಸ್ ಬಂದ ವಾರದಲ್ಲೇ ಹೊಟ್ಟೆನೋವು, ರಾತ್ರಿ ಹಿಂಬದಿಯಲ್ಲಿ ತುರಿಕೆ, ಕಾಲ ಮೇಲೆ ಕೀವುಗುಳ್ಳೆ, ಜೊತೆಗೆ ಶೀತ. "ಮಣ್ಣಾಟದಿಂದಲೇ ಹೊಟ್ಟೆಹುಳ ಆಗಿರೋದು, ಇನ್ನು ಕೆಳಗೆ ಕಳಿಸಬೇಡ" ಅಂತಾರೆ ನಮ್ಮ ಅತ್ತೆ. ಸಂಜೆ ಮಗನನ್ನು ನೋಡಿಕೊಳ್ಳೋದು ಅವರೇ. ಶಾಲೆಯಲ್ಲಿ ಟೀಚರ್, "ಪೆನ್ಸಿಲ್ ಸರಿಯಾಗಿ ಹಿಡಿಯಲ್ಲ, ಉಳಿದ ಮಕ್ಕಳು ಐವತ್ತರವರೆಗೆ ಬರೀತಾರೆ, ಹ್ಯಾಂಡ್‌ರೈಟಿಂಗ್ ಕ್ಲಾಸಿಗೆ ಹಾಕಿ" ಅಂದಿದ್ದಾರೆ. ಆಟದ ಹುಚ್ಚಲ್ಲಿ ಓದಿನಲ್ಲಿ ಹಿಂದೆ ಬೀಳ್ತಾನಾ? ಇಲ್ಲೇ ಹತ್ತಿರ 'ನೇಚರ್ ಸ್ಕೂಲ್' ಅಂತ ಒಂದಿದೆ, ಫೀಸು ಈಗಿನದಕ್ಕಿಂತ ಎರಡರಷ್ಟು. ಅಲ್ಲಿಗೆ ಸೇರಿಸೋದಾ? ಬೇಸಿಗೆ ರಜೆಗೆ ಮತ್ತೆ ಊರಿಗೆ ಕಳಿಸೋಣ ಅಂದ್ರೆ ಮಂಗನ ಕಾಯಿಲೆ, ಹಾವು ಅಂತ ಭಯ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ನಾಲ್ಕೈದು ಭಯ ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಹುಳದ ಭಯ, ಬರವಣಿಗೆಯ ಭಯ, ಊರಿನ ಭಯ, ಜೊತೆಗೆ "ನಾನು ಮಗನಿಗೆ ಸರಿಯಾದದ್ದು ಮಾಡ್ತಿದ್ದೀನಾ" ಅನ್ನೋ ಇನ್ನೊಂದು. ನನ್ನ ಕ್ಲಿನಿಕ್ಕಿಗೆ ಬರುವ ತಾಯಂದಿರಲ್ಲಿ ಅರ್ಧಕ್ಕರ್ಧ ಜನ ಇದೇ ಗಂಟು ತರುತ್ತಾರೆ. ನನ್ನ ಅನುಭವದಲ್ಲಿ ಹೊರಗಿನ ಆಟದ ವಿಷಯದಲ್ಲಿ ನಾವು ಹೆದರುವುದೇನೋ ಸರಿ, ಹೆದರುವ ವಸ್ತು ಮಾತ್ರ ಬೇರೆ. ಮಣ್ಣಿಗೆ ಹೆದರುತ್ತೇವೆ, ಮನೆ ಹಿಂದಿನ ಕೃಷಿ ಹೊಂಡಕ್ಕೆ ಹೆದರುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹುಳದ ವಿಷಯ ಮುಗಿಸೋಣ, ಯಾಕಂದ್ರೆ ಮಣ್ಣಿನ ಮೇಲೆ ಬಂದಿರುವ ಮುಖ್ಯ ಆರೋಪ ಅದೇ.

ರಾತ್ರಿ ಹೊತ್ತು ಹಿಂಬದಿ ತುರಿಕೆ ಅಂದ್ರೆ ನಾವು ವೈದ್ಯರು ಮೊದಲು ಅನುಮಾನಿಸುವುದು ದಾರದ ಹುಳವನ್ನು. ಬಿಳಿ ನೂಲಿನ ಚೂರಿನ ಹಾಗೆ ಇರುತ್ತದೆ. ಮಗು ಮಲಗಿದ ಎರಡು ಮೂರು ಗಂಟೆ ಆದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಕೆಲವು ಸಲ ಕಣ್ಣಿಗೇ ಕಾಣಿಸುತ್ತದೆ. ಹೆಣ್ಣು ಹುಳ ರಾತ್ರಿ ಹೊರಗೆ ಬಂದು ಅಲ್ಲೇ ಸುತ್ತ ಮೊಟ್ಟೆ ಇಡುತ್ತದೆ, ಮಗು ಕೆರೆದುಕೊಳ್ಳುತ್ತದೆ, ಮೊಟ್ಟೆ ಉಗುರಿಗೆ, ಉಗುರಿಂದ ಬಾಯಿಗೆ, ಬೆಡ್‌ಶೀಟಿಗೆ, ಆಟದ ಸಾಮಾನಿಗೆ, ಪಕ್ಕದ ಮಗುವಿಗೆ. ಇದು ಮಣ್ಣಿನಿಂದ ಬರುವ ಹುಳವೇ ಅಲ್ಲ, ಮನುಷ್ಯರಿಂದ ಮನುಷ್ಯರಿಗೆ ಹರಡುವಂಥದ್ದು. ಅದೂ ಜಾಸ್ತಿ ಹರಡುವುದು ಮಕ್ಕಳು ಒತ್ತಾಗಿ ಕೂರುವ ಕಡೆ, ಅಂದ್ರೆ ಪ್ಲೇಸ್ಕೂಲು, ಡೇಕೇರು, ಒಂದೇ ಹಾಸಿಗೆಯಲ್ಲಿ ಮಲಗುವ ಮನೆ. ಇನ್ನೊಂದು ಲೆಕ್ಕ ನೋಡಿ. ಮೊಟ್ಟೆ ಹೊಟ್ಟೆಗೆ ಹೋದ ಮೇಲೆ ಹುಳ ಬೆಳೆದು ತಾನು ಮೊಟ್ಟೆ ಇಡೋಕೆ ಒಂದರಿಂದ ಎರಡು ತಿಂಗಳು ಬೇಕು. ನಿಮ್ಮ ಮಗ ಊರಲ್ಲಿದ್ದದ್ದು ಎರಡು ವಾರ, ಬಂದ ವಾರದಲ್ಲೇ ತುರಿಕೆ. ಹಾಗಾಗಿ ಅದು ಇದೇ ಹುಳವಾಗಿದ್ದರೆ, ಸಾಗರದಿಂದ ಬೆಂಗಳೂರಿಗೆ ಬಂದದ್ದಕ್ಕಿಂತ ಬೆಂಗಳೂರಿಂದ ಸಾಗರಕ್ಕೆ ಹೋಗಿ ವಾಪಸ್ ಬಂದಿರುವ ಸಾಧ್ಯತೆಯೇ ಜಾಸ್ತಿ! ನಿಮ್ಮ ಅಮ್ಮನ ಮನೆಯವರೂ ಸ್ವಲ್ಪ ನೋಡಿಕೊಳ್ಳುವುದು ಒಳ್ಳೆಯದು.

ಮದ್ದು ಸುಲಭ. ನಿಮ್ಮ ವೈದ್ಯರು ಹೇಳಿದ ಮಾತ್ರೆಯನ್ನು ಮಗನಿಗೆ ಮಾತ್ರ ಕೊಟ್ಟು ಕೂರಬೇಡಿ. ಮನೆಯವರೆಲ್ಲ ಒಂದೇ ದಿನ ತೆಗೆದುಕೊಳ್ಳಬೇಕು, ಎರಡು ವಾರ ಬಿಟ್ಟು ಇನ್ನೊಮ್ಮೆ. ಈ ಎರಡನೇ ಸಲದ್ದನ್ನೇ ಎಲ್ಲರೂ ಮರೆಯುತ್ತಾರೆ. ಮರೆತರೆ ಮತ್ತೆ ಅದೇ ಕಥೆ. ಉಗುರು ಕತ್ತರಿಸಿ, ಬೆಳಗ್ಗೆ ಎದ್ದ ಕೂಡಲೇ ಸ್ನಾನ ಮಾಡಿಸಿ, ಚಡ್ಡಿ, ಹಾಸಿಗೆ ಬಟ್ಟೆ ಬಿಸಿ ನೀರಲ್ಲಿ ಒಗೆಯಿರಿ.

ಹಾಗಂತ ಮಣ್ಣಿನ ಮೂಲಕ ಬರುವ ಹುಳಗಳೇ ಇಲ್ಲ ಅಂತಲ್ಲ. ದುಂಡುಹುಳ, ಚಾಟಿಹುಳ, ಕೊಕ್ಕೆಹುಳ ಈ ಮೂರೂ ಮಣ್ಣಿನ ದಾರಿಯಲ್ಲೇ ಬರುವುದು. ಆದರೆ ಮಣ್ಣು ಅವುಗಳ ತವರಲ್ಲ, ಮನುಷ್ಯರ ಮಲ ಬಿದ್ದ ಮಣ್ಣು ಮಾತ್ರ ಅಪಾಯ. ಬಯಲು ಶೌಚ ಇರುವ ಜಾಗ, ಚರಂಡಿ ಉಕ್ಕಿ ಹರಿದ ಜಾಗ, ಶೌಚದ ಗುಂಡಿ ಸೋರುವ ಜಾಗ ಬಿಡಿಸಿ. ಕೊಕ್ಕೆಹುಳ ಬರಿಗಾಲಿನ ಚರ್ಮದ ಮೂಲಕವೇ ಒಳಗೆ ನುಗ್ಗುತ್ತದೆ, ಅದಕ್ಕೇ ತೋಟಕ್ಕಿಳಿಯುವಾಗ ಕಾಲಿಗೆ ಏನಾದರೂ ಇರಲಿ. ನಿಮ್ಮ ಅತ್ತೆಯವರನ್ನು ತಪ್ಪು ಅನ್ನಬೇಡಿ ಅಂತ ನಾನು ಹೇಳುವುದೂ ಇದಕ್ಕೇ. ಅವರು ಮಕ್ಕಳನ್ನು ಬೆಳೆಸಿದ ಕಾಲದಲ್ಲಿ ಊರಲ್ಲಿ ಎಷ್ಟು ಮನೆಗೆ ಪಾಯಿಖಾನೆ ಇತ್ತು? ಆಗ ಮಣ್ಣಾಟಕ್ಕೂ ಹೊಟ್ಟೆಹುಳಕ್ಕೂ ನಿಜವಾಗಿಯೂ ನಂಟಿತ್ತು. ಈಗಲೂ ಸರ್ಕಾರ 2015ರಿಂದ ವರ್ಷಕ್ಕೆರಡು ಸಲ, ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ, 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಹುಳದ ಮಾತ್ರೆ ಕೊಡುತ್ತದೆ. ಖಾಸಗಿ ಶಾಲೆ ಅಂತ ತಪ್ಪಿಸಬೇಡಿ, ಕೊಡಿಸಿ. ಅದೇ ಅಲ್ಬೆಂಡಜೋಲ್ ಮಾತ್ರೆ, ಮೆಡಿಕಲ್ ಶಾಪಿನಲ್ಲೂ ಅದೇ.

ಕೀವುಗುಳ್ಳೆ ಬಗ್ಗೆ ಎರಡೇ ಮಾತು. ಮಲೆನಾಡಲ್ಲಿ ಆ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಸೊಳ್ಳೆ, ನೊರಜು ಕಚ್ಚಿರುತ್ತವೆ, ಮಗು ಕೆರೆದಿರುತ್ತದೆ, ಉಗುರಿನ ಗಾಯದಲ್ಲಿ ಬ್ಯಾಕ್ಟೀರಿಯಾ ಸೇರಿ ಕೀವಾಗಿರುತ್ತದೆ. ಸೋಪು ನೀರು, ಚಿಕ್ಕ ಉಗುರು ಸಾಕು, ಹರಡಿದರೆ ಅಥವಾ ಜ್ವರ ಬಂದರೆ ವೈದ್ಯರಿಗೆ ತೋರಿಸಿ. ಶೀತ ಬರುವುದು ವೈರಸ್‌ನಿಂದ. ಮಣ್ಣಲ್ಲಿ ಕೂತಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ರಜೆ ಮುಗಿಸಿ ಇಪ್ಪತ್ತೈದು ಮಕ್ಕಳ ಜೊತೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತರೆ ಯಾರಿಗೆ ತಾನೇ ಶೀತ ಬರಲ್ಲ? ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಮಾಮೂಲು.

ಆ ಕಡೆಯ ಭ್ರಮೆಯನ್ನೂ ಸ್ವಲ್ಪ ಒಡೆಯಬೇಕು. ಈಗ ವಾಟ್ಸಾಪಿನಲ್ಲಿ "ಮಣ್ಣಲ್ಲಿ ಆಡಿದರೆ ಇಮ್ಯುನಿಟಿ ಹೆಚ್ಚುತ್ತೆ, ಕಾಯಿಲೆಯೇ ಬರಲ್ಲ" ಅಂತ ಓಡಾಡುತ್ತದೆ. ಇದರ ಹಿಂದೆ ಒಂದು ನಿಜವಾದ ಪ್ರಯೋಗ ಇದೆ. ಫಿನ್‌ಲೆಂಡಿನಲ್ಲಿ ಕೆಲವು ಡೇಕೇರ್‌ಗಳ ಜಲ್ಲಿ ಅಂಗಳಕ್ಕೆ ಕಾಡಿನ ನೆಲದ ಹಾಸು, ಹುಲ್ಲು, ಗಿಡ ತಂದು ಹಾಕಿ 3ರಿಂದ 5 ವರ್ಷದ ಮಕ್ಕಳನ್ನು ಆಡಲು ಬಿಟ್ಟರು. 28 ದಿನದಲ್ಲಿ ಮಕ್ಕಳ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕತೆಗೆ ಸಂಬಂಧಿಸಿದ ಕೆಲವು ಗುರುತುಗಳೂ ಒಳ್ಳೆಯ ಕಡೆಗೆ ಬದಲಾದವು. 2020ರಲ್ಲಿ ಪ್ರಕಟವಾದ ಅಧ್ಯಯನ ಅದು. ಚೆನ್ನಾಗಿದೆ. ಆದರೆ ಆ ಮಕ್ಕಳಿಗೆ ಮುಂದೆ ಕಾಯಿಲೆ ಕಡಿಮೆ ಬಂತು ಅಂತ ಅದು ತೋರಿಸಲಿಲ್ಲ, ತೋರಿಸಲು ಹೊರಟೂ ಇರಲಿಲ್ಲ. ಹಾಗಾಗಿ ಮಣ್ಣನ್ನು ಔಷಧಿ ಅಂತ ಅತ್ತೆಯವರ ಮುಂದೆ ವಾದ ಮಾಡಬೇಡಿ, ಮುಂದಿನ ನೆಗಡಿಗೇ ನೀವು ಸೋಲುತ್ತೀರಿ.

ಕಣ್ಣಿನ ವಿಷಯಕ್ಕೆ ಬಂದರೆ ಪುರಾವೆ ಗಟ್ಟಿ ಇದೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಚಟುವಟಿಕೆ ಕೊಟ್ಟು ಮೂರು ವರ್ಷ ನೋಡಿದರು. ಹೊರಗೆ ಹೋದವರಲ್ಲಿ 30.4% ಮಕ್ಕಳಿಗೆ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ದೋಷ) ಬಂತು, ಉಳಿದವರಲ್ಲಿ 39.5%. ಮನೆಯೊಳಗಿನ ಬೆಳಕು ಸಾಮಾನ್ಯವಾಗಿ 500 ಲಕ್ಸ್ (ಬೆಳಕು ಅಳೆಯುವ ಮಾನ) ಒಳಗೇ ಇರುತ್ತದೆ. ಹೊರಗೆ ಹಗಲಲ್ಲಿ ಅದು 10,000 ದಾಟುತ್ತದೆ, ಮರದ ನೆರಳಲ್ಲೂ ಮನೆಗಿಂತ ಎಷ್ಟೋ ಪಟ್ಟು ಜಾಸ್ತಿ. ಈ ಬೆಳಕಿಗೆ ಕಣ್ಣಿನ ಪರದೆಯಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಬಿಡುಗಡೆಯಾಗಿ, ಕಣ್ಣುಗುಡ್ಡೆ ಅತಿಯಾಗಿ ಉದ್ದ ಬೆಳೆಯುವುದನ್ನು ತಡೆಯುತ್ತದೆ ಅನ್ನುವುದು ಈಗ ಹೆಚ್ಚು ಜನ ಒಪ್ಪುವ ವಿವರಣೆ. ತೈವಾನ್ 2010ರಿಂದ ಶಾಲಾ ಮಕ್ಕಳಿಗೆ ದಿನಕ್ಕೆ 120 ನಿಮಿಷ ಹೊರಗೆ ಅನ್ನುವ ಗುರಿಯನ್ನೇ ಇಟ್ಟುಕೊಂಡಿದೆ. ನಿಮ್ಮಲ್ಲಿ ಯಾರಿಗಾದರೂ ಚಿಕ್ಕಂದಿನಿಂದ ಕನ್ನಡಕ ಇದ್ದರೆ ಈ ಒಂದು ಕಾರಣಕ್ಕಾದರೂ ಮಗ ಹಗಲಲ್ಲಿ ಹೊರಗಿರಲಿ.

ಈಗ ಪೆನ್ಸಿಲ್.

ನೀವು ಪತ್ರದಲ್ಲಿ ಸುಮ್ನೆ ಒಂದು ಸಾಲಲ್ಲಿ ಹೇಳಿ ಮುಂದೆ ಹೋದ ಕಾಲುವೆಯ ವಿಷಯಕ್ಕೆ ನಾನು ವಾಪಸ್ ಬರಬೇಕು. ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ನಲ್ಲಿಯಿಂದ ಬಾಳೆ ಬುಡಕ್ಕೆ ನಾಲ್ಕು ಮಾರು ದೂರ. ಮೊದಲು ಕೋಲಿನಲ್ಲಿ ಗೀರು ಎಳೆಯುತ್ತಾನೆ, ನೀರು ಬಿಡುತ್ತಾನೆ, ನೀರು ಅವನು ಎಳೆದ ಕಡೆ ಹೋಗದೆ ಇಳಿಜಾರಿನ ಕಡೆ ಹೋಗುತ್ತದೆ. ಮಣ್ಣಿನ ಕಟ್ಟೆ ಕಟ್ಟುತ್ತಾನೆ, ಕರಗಿ ಹೋಗುತ್ತದೆ. ಕಲ್ಲು ಇಡುತ್ತಾನೆ, ಸಂದಿಯಲ್ಲಿ ಸೋರುತ್ತದೆ. ಕೊನೆಗೆ ಬಿದ್ದಿದ್ದ ಅಡಿಕೆ ಹಾಳೆಯ ಚೂರು ತಂದು ಅಡ್ಡ ನಿಲ್ಲಿಸಿ ಬುಡಕ್ಕೆ ಒದ್ದೆ ಮಣ್ಣು ಮೆತ್ತುತ್ತಾನೆ. ನಿಂತಿತು! "ಅಜ್ಜೀ, ನೀರು ಬಿಡು, ಜಾಸ್ತಿ ಬೇಡ, ಸ್ವಲ್ಪ" ಅಂತ ಕೂಗುತ್ತಾನೆ. ಊಹೆ ಮಾಡಿದ, ಪರೀಕ್ಷೆ ಮಾಡಿದ, ಸೋತ, ಕಾರಣ ಹುಡುಕಿದ, ಬೇರೆ ವಸ್ತು ಆರಿಸಿದ. ಇಳಿಜಾರು, ಅಳತೆ, ಮೊದಲು-ಆಮೇಲೆ, ಕಡಿಮೆ-ಜಾಸ್ತಿ ಎಲ್ಲವೂ ಕೈಗೆ ಸಿಕ್ಕಿತು, ಬಾಯಿಗೂ ಬಂತು. ಮುಂದೆ ಲೆಕ್ಕ ಕಲಿಯುವಾಗ ಅವನಿಗೆ ಬೇಕಾಗುವುದು ಇದೇ. ಐವತ್ತರವರೆಗೆ ಬರೆಯುವ ಮಗುವಿಗೆ ಐವತ್ತು ಹುಣಸೆ ಬೀಜ ಎಣಿಸಿ ಕೊಡು ಅಂತ ಕೇಳಿ ನೋಡಿ, ಎಷ್ಟು ಮಕ್ಕಳು ಹದಿನೈದಕ್ಕೇ ತಡವರಿಸುತ್ತವೆ. ಬರೆಯುವುದು ಬೇರೆ, ಸಂಖ್ಯೆ ಅಂದ್ರೆ ಏನು ಅಂತ ತಿಳಿಯುವುದು ಬೇರೆ.

ಇನ್ನು ಕೈ. ನಾಲ್ಕೂವರೆ ವರ್ಷದ ಹುಡುಗನ ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಅಲ್ಲಿರಬೇಕಾದ ಎಂಟು ಪುಟ್ಟ ಮೂಳೆಗಳಲ್ಲಿ ಮೂರೋ ನಾಲ್ಕೋ ಮಾತ್ರ ಕಾಣಿಸುತ್ತವೆ, ಉಳಿದವು ಇನ್ನೂ ಎಲುಬಾಗಿ ಗಟ್ಟಿಯಾಗಿರುವುದಿಲ್ಲ. ಕೈ ಇನ್ನೂ ತಯಾರಾಗುತ್ತಿದೆ ಅಂತ ಅರ್ಥ. ಮೂರು ಬೆರಳಲ್ಲಿ ಪೆನ್ಸಿಲ್ ಹಿಡಿಯುವ ಹಿಡಿತ ಸಾಮಾನ್ಯವಾಗಿ 4ರಿಂದ 6 ವರ್ಷದ ಮಧ್ಯೆ ನಿಧಾನವಾಗಿ ಕೂಡಿ ಬರುತ್ತದೆ. ಅದಕ್ಕೆ ಮೊದಲು ಭುಜ ಗಟ್ಟಿ ನಿಲ್ಲಬೇಕು, ಆಮೇಲೆ ಮಣಿಕಟ್ಟು, ಆಮೇಲೆ ಬೆರಳು. ಕೊಂಬೆಗೆ ಜೋತು ಬೀಳುವುದು, ಮಣ್ಣು ಕಲಸುವುದು, ತುಂಬಿದ ಚೊಂಬು ಚೆಲ್ಲದೆ ಹೊರುವುದು, ಬಟಾಣಿ ಸುಲಿಯುವುದು, ಹುಲ್ಲಿನ ಎಸಳು ಸೀಳುವುದು ಎಲ್ಲವೂ ಬರವಣಿಗೆಯ ತಯಾರಿಯೇ. ಹ್ಯಾಂಡ್‌ರೈಟಿಂಗ್ ಕ್ಲಾಸು ಈ ವಯಸ್ಸಿಗೆ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಎರಡು ಗಂಟೆ ಶಾಲೆಯಲ್ಲಿ ಗೀಚಿ ಬಂದ ಕೈಗೆ ಸಂಜೆ ಮತ್ತೊಂದು ಗಂಟೆ ಗೀಚಿಸಿದರೆ ಅಕ್ಷರ ದುಂಡಗಾಗುವ ಮೊದಲು ಪುಸ್ತಕ ಕಂಡರೆ ಓಡುವುದನ್ನು ಕಲಿಯುತ್ತಾನೆ.

ಆದರೆ ಟೀಚರ್ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅವರು ದಿನಾ ಇಪ್ಪತ್ತೈದು ಕೈ ನೋಡುತ್ತಾರೆ. ಮನೆಯಲ್ಲೇ ಇಷ್ಟು ನೋಡಿ: ವೃತ್ತ, ಕೂಡಿಸುವ ಚಿಹ್ನೆ ನೋಡಿ ಬರೆಯುತ್ತಾನಾ, ಚೌಕ ಹೆಚ್ಚುಕಡಿಮೆ ಬರುತ್ತಾ (ತ್ರಿಕೋನ ಐದಕ್ಕೆ ಬಂದರೆ ಸಾಕು), ಒಂದೇ ಕಾಲಲ್ಲಿ ಕೆಲವು ಸೆಕೆಂಡ್ ನಿಲ್ಲುತ್ತಾನಾ, ಮೆಟ್ಟಿಲನ್ನು ಒಂದೊಂದು ಕಾಲು ಹಾಕಿ ಹತ್ತಿಳಿಯುತ್ತಾನಾ, ಹೊರಗಿನವರಿಗೂ ಅವನ ಮಾತು ಅರ್ಥ ಆಗುತ್ತಾ, ಬೇರೆ ಮಕ್ಕಳ ಜೊತೆ ಸೇರಿ ಆಡುತ್ತಾನಾ. ಇವೆಲ್ಲ ಇದ್ದರೆ ಕಾಯಿರಿ. ಇವುಗಳಲ್ಲಿ ಎರಡು ಮೂರು ಇಲ್ಲದಿದ್ದರೆ, ಒಂದು ಕೈಯನ್ನು ಬಳಸುವುದೇ ಇಲ್ಲ ಅನಿಸಿದರೆ, ಅಥವಾ ಮಣ್ಣು, ಅಂಟು, ಹುಲ್ಲು ಮುಟ್ಟಿದರೆ ಕಿರುಚುವಷ್ಟು ಹೇಸಿಗೆ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಬೇಕಾದರೆ ಅವರು ಆಕ್ಯುಪೇಷನಲ್ ಥೆರಪಿಸ್ಟ್ (ಕೈ, ಬೆರಳಿನ ದಿನನಿತ್ಯದ ಕೆಲಸ ರೂಢಿ ಮಾಡಿಸುವ ತಜ್ಞರು) ಹತ್ತಿರ ಕಳಿಸುತ್ತಾರೆ. ಶಾಲೆಯವರ ಜೊತೆ ಮಾತಾಡುವಾಗ ಒಂದು ವಿಷಯ ಕೈಯಲ್ಲಿರಲಿ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಕಲಿಕೆಗೆ ಆಟವನ್ನೇ ನಡುಗಂಬ ಮಾಡಿದೆ, 3ರಿಂದ 6 ವರ್ಷದವರಿಗೆ ಪಠ್ಯಪುಸ್ತಕ ಗೊತ್ತುಪಡಿಸಬಾರದು ಅನ್ನುತ್ತದೆ. ಜಗಳಕ್ಕೆ ಹೋಗಬೇಡಿ. "ಮೇಡಂ, ಅವನಿಗೆ ಇನ್ನಾರು ತಿಂಗಳು ಸಮಯ ಕೊಡೋಣ, ಹೋಂವರ್ಕ್ ಬದಲು ಬೀಜ ಜೋಡಿಸಿ ಅಕ್ಷರ ಮಾಡಿಸ್ತೀನಿ" ಅನ್ನಿ. ಎಷ್ಟೋ ಟೀಚರ್‌ಗಳಿಗೂ ಇದೇ ಬೇಕಿರುತ್ತದೆ, ಒತ್ತಡ ಬರುವುದು ನಮ್ಮ ನಿಮ್ಮಂಥ ಪೋಷಕರಿಂದಲೇ ಅಲ್ವಾ.

ಸರಿ, ಈಗ ನೀವು ಕೇಳದೇ ಇರುವ ಪ್ರಶ್ನೆ. ಹಾವು ಕೇಳಿದಿರಿ, ಮಂಗನ ಕಾಯಿಲೆ ಕೇಳಿದಿರಿ, ನೀರು ಕೇಳಲಿಲ್ಲ. ಪುಟ್ಟ ಮಕ್ಕಳ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ನೀರಿನದು. ಕಟ್ಟೆ ಇಲ್ಲದ ಬಾವಿ, ತೋಟದ ಕೆರೆ, ಇಂಗುಗುಂಡಿ, ಮತ್ತೆ ಈಗ ಎಲ್ಲ ಕಡೆ ಬಂದಿರುವ ಕೃಷಿ ಹೊಂಡ. ಪ್ಲಾಸ್ಟಿಕ್ ಹಾಸಿದ ಹೊಂಡದ ಗೋಡೆ ಪಾಚಿ ಕಟ್ಟಿ ಜಾರುತ್ತದೆ, ಬಿದ್ದ ಮಗುವಿರಲಿ, ಎತ್ತಲು ಇಳಿದ ದೊಡ್ಡವರೂ ಹತ್ತಿ ಬರಲಾಗದೆ ಸತ್ತ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಗು ಮುಳುಗುವಾಗ ಕೂಗುವುದಿಲ್ಲ, ಸದ್ದೇ ಇಲ್ಲದೆ ಮುಗಿದುಹೋಗುತ್ತದೆ. ಬೇಲಿ ಇಲ್ಲದ ಹೊಂಡ ಮನೆ ಹತ್ತಿರ ಇದ್ದರೆ ಬೇಲಿ ಹಾಕಿಸುವವರೆಗೂ ಮಗುವನ್ನು ಒಂಟಿಯಾಗಿ ಹಿತ್ತಲಿಗೂ ಬಿಡಬೇಡಿ. ನಲ್ಲಿ ನೀರಿನ ಕಾಲುವೆ ಆಟಕ್ಕೂ ಒಬ್ಬ ದೊಡ್ಡವರು ಕಣ್ಣಳತೆಯಲ್ಲಿ ಇರಲೇಬೇಕು. ಬೆಂಗಳೂರಲ್ಲಿ ಸಂಪಿನ ಮುಚ್ಚಳ, ಈಜುಕೊಳದ ಗೇಟು, ಬಚ್ಚಲಿನ ತುಂಬಿದ ಬಕೆಟ್ಟು ಇದೇ ಪಟ್ಟಿಗೆ ಸೇರುತ್ತವೆ.

ಎರಡನೆಯದು ಅಡಿಕೆ ಮನೆಯ ಕೊಟ್ಟಿಗೆ ಮೂಲೆಯಲ್ಲಿರುವ ಮೈಲುತುತ್ತ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಆ ನೀಲಿ ಹರಳು ನಾಲ್ಕು ವರ್ಷದ ಕಣ್ಣಿಗೆ ಕಲ್ಲುಸಕ್ಕರೆಗಿಂತ ಚೆಂದ ಕಾಣುತ್ತದೆ. ತಿಂದರೆ ಜೀವಕ್ಕೇ ಅಪಾಯ. ಬೀಗ ಹಾಕಿದ ಕಪಾಟಲ್ಲಿಡಲು ಅಮ್ಮನಿಗೆ ಹೇಳಿ. ಗಿಡಗಳಲ್ಲಿ ಕಣಗಿಲೆ, ಹಳದಿ ಕಣಗಿಲೆಯ ಕಾಯಿ, ದತ್ತೂರ, ಹರಳು ಗಿಡದ ಬೀಜ, ಗುಲಗಂಜಿ ಇಷ್ಟನ್ನು ಮಗುವಿಗೆ ತೋರಿಸಿ ಹೆಸರು ಹೇಳಿ ಕಲಿಸಿ. "ಏನೂ ಮುಟ್ಟಬೇಡ" ಅಂದ್ರೆ ಯಾವ ಮಗುವೂ ಕೇಳುವುದಿಲ್ಲ. "ಈ ಕಾಯಿ ಬಾಯಿಗೆ ಹಾಕಬಾರದು, ಕೇಳದೆ ಯಾವ ಕಾಯಿಯನ್ನೂ ತಿನ್ನಬಾರದು" ಅಂದ್ರೆ ನೆನಪಿಟ್ಟುಕೊಳ್ಳುತ್ತದೆ. ಹಳದಿ ಕಣಗಿಲೆ ಬೆಂಗಳೂರಿನ ಪಾರ್ಕುಗಳ ಬೇಲಿಯಲ್ಲೂ ಧಾರಾಳವಾಗಿದೆ.

ಹಾವಿನ ವಿಷಯದಲ್ಲಿ ನಾವು ಸ್ವಲ್ಪ ಬುದ್ಧಿ ಉಪಯೋಗಿಸಿದರೆ ಸಾಕು. ಸೌದೆ ರಾಶಿ, ಕಾಯಿ ಸಿಪ್ಪೆ ರಾಶಿ, ಬಿಲ, ಕಲ್ಲಿನ ಸಂದಿಗೆ ಕೈ ಹಾಕಬಾರದು, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಅಂಗಳಕ್ಕೂ ಇಳಿಯಬಾರದು. ಅಕಸ್ಮಾತ್ ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಔಷಧಿ ಅಂತ ಕೂರುವುದು ಮಾಡದೆ, ಮಗುವನ್ನು ಅಲುಗಾಡದಂತೆ ಎತ್ತಿಕೊಂಡು ವಿಷನಿವಾರಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ, 108ಕ್ಕೆ ಫೋನ್ ಮಾಡಿಕೊಂಡು. ಜಿಗಣೆ, ಚೋರಟೆಗೆಲ್ಲ ಗಾಬರಿ ಬೇಡ. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುವ ಚೋರಟೆ ಮತ್ತೆ ಬಿಚ್ಚಿಕೊಳ್ಳುವವರೆಗೆ ಉಸಿರು ಬಿಗಿಹಿಡಿದು ಕಾಯುವ ಮಗುವನ್ನು ನೋಡಿ, ಏಕಾಗ್ರತೆ ಕ್ಲಾಸು ಬೇರೆ ಬೇಕಿಲ್ಲ. ಬೆಂಗಳೂರಲ್ಲಿ ಹಾವಿಗಿಂತ ಬೀದಿನಾಯಿಯ ಯೋಚನೆ ಜಾಸ್ತಿ. ಕಚ್ಚಿದರೆ ಅಥವಾ ಪರಚಿದರೂ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆ ಶುರು ಮಾಡಿ. ಐದು ವರ್ಷ ತುಂಬುತ್ತಿದ್ದ ಹಾಗೆ ಕೊಡಿಸಬೇಕಾದ ಡಿಪಿಟಿ ಬೂಸ್ಟರ್ ಮರೆಯಬೇಡಿ, ಧನುರ್ವಾಯು ಭಯ ಅಲ್ಲಿಗೆ ಕಡಿಮೆ.

ಇದೆಲ್ಲ ಕೇಳಿ ಮಗನನ್ನು ಒಳಗೇ ಕೂರಿಸಿಬಿಡಬೇಡಿ. ಅಪಾಯ ಎರಡು ಥರ. ಹೊಂಡ, ವಿಷ, ವಾಹನ ಓಡಾಡುವ ಜಾಗ ಇವನ್ನು ಮಗು ತಾನೇ ಅಂದಾಜು ಮಾಡಲಾರದು, ಅವನ್ನು ನಾವೇ ತೆಗೆದುಹಾಕಬೇಕು. ಪೇರಲೆ ಮರದ ಎರಡನೇ ಕೊಂಬೆ ಹತ್ತಬಹುದಾ, ಈ ಕಲ್ಲಿಂದ ಆ ಕಲ್ಲಿಗೆ ಹಾರಬಹುದಾ ಅನ್ನುವುದನ್ನು ಮಗುವೇ ಅಳೆದು ನೋಡಬೇಕು, ಅದನ್ನು ತೆಗೆದರೆ ಅಳೆಯುವುದನ್ನೇ ಕಲಿಯುವುದಿಲ್ಲ. ಕೆನಡಾದ ಮಕ್ಕಳ ವೈದ್ಯರ ಸಂಘ 2024ರಲ್ಲಿ ಇದನ್ನೇ ಬಿಡಿಸಿ ಹೇಳಿ, ಮಕ್ಕಳಿಗೆ ಸ್ವಲ್ಪ ಸಾಹಸದ ಆಟ ಬೇಕು ಅಂತ ವೈದ್ಯರಿಗೂ ಸಲಹೆ ಕೊಟ್ಟಿತು. ಮಂಡಿ ತರಚುತ್ತದೆ, ಅಪರೂಪಕ್ಕೆ ಕೈ ಮುರಿಯಲೂಬಹುದು, ಇಲ್ಲ ಅಂತ ನಾನು ಹೇಳಲ್ಲ. ನೀವೇ ಎತ್ತಿ ಕೊಂಬೆ ಮೇಲೆ ಕೂರಿಸಬೇಡಿ, ಅವನೇ ಹತ್ತಿದಷ್ಟು ಹತ್ತಲಿ. "ಬೀಳ್ತೀಯ, ಬೀಳ್ತೀಯ" ಅಂತ ಕೆಳಗಿಂದ ಕೂಗಿದರೆ ಮಗು ನಮ್ಮ ಮುಖ ನೋಡುತ್ತದೆ, ಕಾಲಿಡುವ ಜಾಗ ನೋಡಲ್ಲ. "ಎಡಗಾಲು ಎಲ್ಲಿಡ್ತೀಯ?" ಅಂತ ಕೇಳಿ.

ಬೆಂಗಳೂರಿನ ಉಳಿದ ವರ್ಷಕ್ಕೆ ಏನು ಮಾಡಬಹುದು? ವಿಶ್ವ ಆರೋಗ್ಯ ಸಂಸ್ಥೆ 3-4 ವರ್ಷದವರಿಗೆ ದಿನಕ್ಕೆ 180 ನಿಮಿಷ ಮೈ ಆಡಬೇಕು, ಅದರಲ್ಲಿ 60 ನಿಮಿಷ ಚೆನ್ನಾಗಿ ಏದುಸಿರು ಬರಬೇಕು, ಸ್ಕ್ರೀನು ಒಂದು ಗಂಟೆ ಮೀರಬಾರದು ಅನ್ನುತ್ತದೆ. ತಿಂಗಳಿಗೊಮ್ಮೆ ರೆಸಾರ್ಟಿಗೆ ಹೋಗಿ ಬರುವುದಕ್ಕಿಂತ ದಿನಾ ಒಂದು ಗಂಟೆ ಒಂದೇ ಜಾಗ, ಒಂದೇ ಮರ ನನಗೆ ಇಷ್ಟ. ಅದೇ ಹೊಂಗೆ ಮರದ ಚಿಗುರು, ಹೂವಿನ ಹಾಸು, ಕಾಯಿ ಮೂರನ್ನೂ ಮಗು ಸರದಿಯಲ್ಲಿ ನೋಡಬೇಕು. ಅಪಾರ್ಟ್‌ಮೆಂಟಿನ ರಬ್ಬರ್ ಹಾಸಿನ ಆಟದ ಜಾಗದಲ್ಲಿ ಜಾರುಬಂಡೆ ಒಂದೇ ರೀತಿ ಜಾರುತ್ತದೆ, ಬಿಸಿಲಿಗೆ ರಬ್ಬರ್ ಕಾದು ಕಾಲು ಸುಡುತ್ತದೆ ಬೇರೆ. ಅಸೋಸಿಯೇಷನ್‌ನವರನ್ನು ನೆರಳಿರುವ ಕಡೆ ಆರಡಿ ಆರಡಿಯ ಒಂದು ಮೂಲೆ ಕೇಳಿ. ಕೆಂಪು ಮಣ್ಣು, ಮರಳು, ಒಂದಷ್ಟು ತೆಂಗಿನ ಚಿಪ್ಪು, ಕೋಲು, ಹಳೇ ಸೌಟು, ರಾತ್ರಿ ಬೆಕ್ಕು ನಾಯಿ ಗಲೀಜು ಮಾಡದ ಹಾಗೆ ಮುಚ್ಚಲು ಒಂದು ಟಾರ್ಪಾಲು. ಇನ್ನೂ ಮೂರು ಮನೆಯವರನ್ನು ಜೊತೆ ಸೇರಿಸಿಕೊಂಡು ಕೇಳಿ, ಒಬ್ಬರೇ ಹೋದರೆ ಹೂಕುಂಡದ ಮಣ್ಣು ಕೆದಕಿದ ಹುಡುಗನ ತಾಯಿ ಅಂತಲೇ ನೋಡುತ್ತಾರೆ. ಒಪ್ಪದಿದ್ದರೆ ಬಾಲ್ಕನಿಯಲ್ಲಿ ಒಂದು ಟಬ್ ಮಣ್ಣು. ಭಾನುವಾರ ಲಾಲ್‌ಬಾಗ್ ಬಂಡೆ ಹತ್ತಿಸಿ, 300 ಕೋಟಿ ವರ್ಷ ಹಳೆಯ ಕಲ್ಲು ಅದು, ಹತ್ತಲು ಟಿಕೆಟ್ ಬಿಟ್ಟರೆ ಬೇರೆ ಖರ್ಚಿಲ್ಲ. ಸೊಳ್ಳೆಗೆ ತುಂಬುತೋಳಿನ ಬಟ್ಟೆ ಹಾಕಿ, ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುವುದು.

ಸಂಜೆ ಮಗನನ್ನು ಕೆಳಗೆ ಕರೆದುಕೊಂಡು ಹೋಗಬೇಕಾದವರು ನಿಮ್ಮ ಅತ್ತೆ. ಅವರು ಒಪ್ಪದೆ ಇದ್ದರೆ ನಾನು ಬರೆದದ್ದೆಲ್ಲ ನೀರಲ್ಲಿ ಹೋಮ. ಹಾಗಾಗಿ ದಾರದ ಹುಳದ ವಿಷಯ ಅವರಿಗೆ ನೀವು ಹೇಳುವ ಬದಲು ನಿಮ್ಮ ವೈದ್ಯರ ಬಾಯಲ್ಲೇ ಹೇಳಿಸಿ, ಮಾತ್ರೆ ಬರೆಸುವ ದಿನ ಅವರನ್ನೂ ಕರೆದುಕೊಂಡು ಹೋಗಿ. ಆಮೇಲೆ ಅವರಿಗೊಂದು ಕೆಲಸ ಕೊಡಿ. ಒದ್ದೆ ಮರಳಲ್ಲಿ ಪಾದ ಹುದುಗಿಸಿ ತಟ್ಟಿ ಗುಬ್ಬಿ ಗೂಡು ಮಾಡುವುದು, ಎಲೆಯಲ್ಲಿ ಪೀಪಿ ಮಾಡುವುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕಾವಲು ಕಾಯುವ ಅಜ್ಜಿ ಅರ್ಧ ಗಂಟೆಗೇ "ಸಾಕು ಬಾ" ಅನ್ನುತ್ತಾರೆ, ಜೊತೆ ಆಡುವ ಅಜ್ಜಿಗೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಆಟ ಮುಗಿದ ಮೇಲೆ ಸೋಪಲ್ಲಿ ಕೈಕಾಲು ತೊಳೆದೇ ತಿಂಡಿ, ಈ ಒಂದು ನಿಯಮ ಅವರ ಕೈಯಲ್ಲೇ ಇರಲಿ.

ನೇಚರ್ ಸ್ಕೂಲ್ ವಿಷಯಕ್ಕೆ ನನ್ನ ಉತ್ತರ: ಹೋಗಿ ಒಂದು ಬೆಳಗ್ಗೆ ಸುಮ್ನೆ ಕೂತು ನೋಡಿ. ಮಕ್ಕಳು ದಿನಾ ಹೊರಗಿರುತ್ತಾರಾ ಅಥವಾ ಶುಕ್ರವಾರ ಮಾತ್ರನಾ, ತಮಗೆ ಬೇಕಾದ್ದು ಆಡಲು ಬಿಡುತ್ತಾರಾ ಅಥವಾ ಎಲೆ ತಂದು ಪುಸ್ತಕಕ್ಕೆ ಅಂಟಿಸಿ ಹೆಸರು ಬರೆಸುತ್ತಾರಾ, ಎಷ್ಟು ಮಕ್ಕಳಿಗೆ ಒಬ್ಬರು, ಶೌಚಾಲಯ, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಹೇಗಿದೆ, ಮಳೆ ಬಂದರೆ ಏನು ಮಾಡುತ್ತಾರೆ. ಫೋಟೋ ತೆಗೆದು ಪೋಷಕರ ಗ್ರೂಪಿಗೆ ಹಾಕುವುದರಲ್ಲೇ ಟೀಚರ್‌ಗಳ ಅರ್ಧ ಬೆಳಗ್ಗೆ ಹೋಗುತ್ತಿದ್ದರೆ ಬಿಡಿ. ಚೆನ್ನಾಗಿದ್ದು ಫೀಸು ಹೊರೆ ಆಗದಿದ್ದರೆ ಸೇರಿಸಿ. ಸಾಲ ಮಾಡಿ ಸೇರಿಸುವಂಥದ್ದಲ್ಲ. ನಾನು ನೋಡಿದ ಕೆಲವು ಅಂಗನವಾಡಿಗಳ ಅಂಗಳದ ಬೇವಿನ ಮರದ ಕೆಳಗೆ ನಡೆಯುವ ಆಟ ಎಷ್ಟೋ ಎಸಿ ಪ್ಲೇಸ್ಕೂಲಿಗಿಂತ ಮೇಲು.

ಇನ್ನು ಬೇಸಿಗೆ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆ ಮಂಗನ ಕಾಯಿಲೆ ಭಯ ಸುಳ್ಳಲ್ಲ. 1957ರಲ್ಲಿ ಅದು ಮೊದಲು ಗೊತ್ತಾದದ್ದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ ಕಾಡಿನ ಒಣ ಎಲೆ ಹಾಸಿನಲ್ಲಿರುವ ಉಣುಗು (ಉಣ್ಣೆ) ಕಚ್ಚಿ ಹರಡುತ್ತದೆ. ನಿಮಗಿರುವ ದಾರಿ ಎರಡು. ದಸರಾ ರಜೆಗೆ ಧಾರಾಳವಾಗಿ ಕಳಿಸಿ, ಬೇಸಿಗೆಯಲ್ಲಿ ಕೆಲವೇ ದಿನ ನೀವೂ ಜೊತೆಗಿರಿ. ಅಥವಾ ಕಳಿಸಲೇಬೇಕೆಂದರೆ ಅಂಗಳ ಮತ್ತು ಮನೆಗೆ ತಾಗಿದ ಜಾಗಕ್ಕಷ್ಟೇ ಆಟ ಸೀಮಿತವಾಗಿರಲಿ. ಸೊಪ್ಪು ತರುವ ಸೊಪ್ಪಿನಬೆಟ್ಟ, ಕಾಡಂಚು ಬೇಡ, ಕೊಟ್ಟಿಗೆಗೆ ತಂದು ಹಾಕಿದ ದರಕಿನ (ಒಣ ಎಲೆಯ) ರಾಶಿ ಮೇಲೆ ಕುಣಿಯುವುದೂ ಬೇಡ, ಉಣುಗು ಅದರ ಜೊತೆಗೇ ಮನೆಗೆ ಬಂದಿರುತ್ತದೆ. ಸಂಜೆ ಸ್ನಾನ ಮಾಡಿಸುವಾಗ ಕಿವಿ ಹಿಂದೆ, ಕಂಕುಳು, ತೊಡೆ ಸಂದಿ, ಕೂದಲ ಅಂಚು ಕೈಯಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಚಿಮಟಿಗೆಯಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಣುಗು ಹತ್ತಿರ ಬರದಂತೆ ಮೈಗೆ ಹಚ್ಚುವ ಡೆಪಾ ತೈಲವನ್ನು ಇಷ್ಟು ಚಿಕ್ಕ ಮಗುವಿಗೆ ಹಚ್ಚುವ ಮೊದಲು ಅಲ್ಲಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೋ ಕೇಳಿ. ಬೆಂಗಳೂರಿಗೆ ಬಂದ ಎರಡು ವಾರದೊಳಗೆ ಜ್ವರ ಬಂದರೆ "ಸಾಗರದ ಕಡೆ ಇದ್ದ" ಅಂತ ವೈದ್ಯರಿಗೆ ಮೊದಲೇ ಹೇಳಿ, ಇಲ್ಲಿನವರಿಗೆ ಅದು ಥಟ್ಟನೆ ಹೊಳೆಯುವುದಿಲ್ಲ. ಮತ್ತೆ ಹೊರಡುವ ವಾರ ಅಮ್ಮನಿಗೆ ಫೋನ್ ಮಾಡಿ ಎರಡು ವಿಷಯ ಕೇಳಿಕೊಳ್ಳಿ: ಊರ ಸುತ್ತ ಮಂಗ ಸತ್ತ ಸುದ್ದಿ ಏನಾದರೂ ಇದೆಯಾ, ಹೊಂಡಕ್ಕೆ ಬೇಲಿ ಆಯ್ತಾ. ಮಂಗ ಸತ್ತಿದ್ದರೆ ಈ ಸಲ ಬೇಡ. ಬೇಲಿ ಆಗಿಲ್ಲದಿದ್ದರೆ, ಆದ ಮೇಲೆ ಹೊರಡಿ.